ಲಿಫ್ಟ್ ಬೋರ್ಡಿನೊಳಗೆ ಅಪ್ಪನ ದನಿ

ವೈಟ್‌ಫೀಲ್ಡಿನ ಯಾವುದಾದರೂ ಹೊಸ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಹತ್ತಿದರೆ, "ಬಾಗಿಲು ಮುಚ್ಚುತ್ತಿದೆ" ಎಂದು ಹೆಣ್ಣು ದನಿಯೊಂದು ಹೇಳುತ್ತದಲ್ಲ, ಅದು ನನ್ನದಲ್ಲ. ಆದರೆ ಆ ದನಿ ಅಲ್ಲಿಗೆ ಹೋಗಿ ಸೇರುವ ಮುಂಚೆ ನನ್ನ ಕೈ ದಾಟಿ ಹೋಗಿರಬಹುದು. ಪೀಣ್ಯದಲ್ಲಿ ಲಿಫ್ಟಿಗೆ ಬೇಕಾದ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನ ಕೆಲಸ. ಕೆಳಗೆ ಲೇತ್ ಮಿಷಿನ್ನುಗಳ ಶೆಡ್ಡು, ಮೇಲಿನ ಮಹಡಿಯಲ್ಲಿ ನಾವು. ಗಿರಾಕಿಗಳು ಕಳಿಸುವ ಧ್ವನಿಯನ್ನು ನಮ್ಮ ಬೋರ್ಡಿಗೆ ಹೊಂದುವ ಹಾಗೆ ಬದಲಾಯಿಸಿ, ಅದರೊಳಗೆ ತುಂಬಿಸಿ ಕೊಡುವುದು ನನ್ನ ಪಾಲಿಗೆ ಬಂದ ಹೊಟ್ಟೆಪಾಡು.

ಗಿರಾಕಿಗಳು ಅಂದರೆ ಹೆಚ್ಚಾಗಿ ಅಪಾರ್ಟ್‌ಮೆಂಟ್ ಸಂಘದವರು. ಅವರಿಗೆ ನಾವು ಕೊಡುವ ಸಿದ್ಧ ದನಿ ಬೇಡ. ಕಾರ್ಯದರ್ಶಿಯ ಹೆಂಡತಿ ಚೆನ್ನಾಗಿ ಹಾಡುತ್ತಾರೆ, ಅವರದೇ ಹಾಕಿ ಅನ್ನುತ್ತಾರೆ. ಆಕೆ ಅಡುಗೆಮನೆಯಲ್ಲಿ ನಿಂತು ಫೋನಿಗೆ ಹೇಳಿ ವಾಟ್ಸಾಪಿನಲ್ಲಿ ಕಳಿಸುತ್ತಾರೆ. "ಮೂರನೇ ಮಹಡಿ" ಎನ್ನುವಷ್ಟರಲ್ಲಿ ಹಿಂದೆ ಕುಕ್ಕರ್ ಕೂಗುತ್ತದೆ. ಅದನ್ನು ತೊಳೆದು ಬಳಿದು ಕೊಡಬೇಕು. ಕೊಟ್ಟರೆ, "ಮೇಡಂ, ನಮ್ಮ ವೈಫ್ ವಾಯ್ಸು ಇನ್ನೂ ಸ್ವೀಟಾಗಿದೆ, ನೀವು ಏನೋ ಮಾಡಿ ಕೆಡ್ಸಿದೀರ" ಎಂಬ ಬಹುಮಾನ.

ಕೆಡಿಸುವುದು ನಾನಲ್ಲ, ಬೋರ್ಡು. ಅದು ಮಹಾ ಹಟಮಾರಿ. ಅದಕ್ಕೆ ವೇವ್ ಫೈಲೇ ಆಗಬೇಕು, ಮೊಬೈಲಿನವು ನಡೆಯುವುದಿಲ್ಲ. ಮೋನೋ ಆಗಬೇಕು, ಅಂದರೆ ಎಡಕ್ಕೂ ಬಲಕ್ಕೂ ಬೇರೆ ಬೇರೆ ಇರುವ ಸದ್ದನ್ನು ಕಲಸಿ ಒಂದು ಮಾಡಬೇಕು. ಹದಿನಾರು ಕಿಲೋಹರ್ಟ್ಸ್ ಆಗಬೇಕು, ಅಂದರೆ ಸದ್ದಿನ ಮೇಲ್ತುದಿಯಲ್ಲಿರುವ ತೀರಾ ಸಣ್ಣ, ಚುರುಕು ದನಿಗಳನ್ನು ಕತ್ತರಿಸಿ ಬಿಸಾಡಬೇಕು. ಫೈಲಿನ ಹೆಸರು ಬರೀ ಅಂಕಿಯಲ್ಲಿರಬೇಕು. ಇದರಲ್ಲಿ ಒಂದು ತಪ್ಪಿದರೂ ಅದು ಬಾಯಿ ಬಿಡುವುದಿಲ್ಲ. ಏನು ತಪ್ಪಾಯಿತು ಅಂತಲೂ ಹೇಳುವುದಿಲ್ಲ. ಮುಖ ತಿರುಗಿಸಿಕೊಂಡು ಕೂತುಬಿಡುತ್ತದೆ, ನಾವೇ ಊಹಿಸಿಕೊಂಡು ಸರಿಮಾಡಬೇಕು. ಇಂಥವರ ಜೊತೆ ಬಾಳುವ ಅಭ್ಯಾಸ ನನಗೆ ಚಿಕ್ಕಂದಿನಿಂದ ಇದ್ದುದರಿಂದ ಕೆಲಸ ಕಷ್ಟವಾಗಲಿಲ್ಲ.

ನಮ್ಮಪ್ಪ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಮಿಷಿನ್ನುಗಳ ಗದ್ದಲದ ಮೇಲೂ ಕೇಳಿಸುವ ದನಿ ಅವರದು. ಕ್ಯಾಂಟೀನ್ ಸಮಿತಿಗೆ ಅವರನ್ನು ಮತ್ತೆ ಮತ್ತೆ ಆರಿಸುತ್ತಿದ್ದುದು ಆ ದನಿಗಾಗಿಯೇ. ಗುತ್ತಿಗೆಯ ಹೆಂಗಸರಿಗೆ ಕ್ಯಾಂಟೀನಿನಲ್ಲಿ ಕೂರಲು ಜಾಗವಿಲ್ಲದೆ ಅವರು ಗೋಡೆಗೊರಗಿ ನಿಂತು ತಿನ್ನುತ್ತಿದ್ದ ಕಾಲವೊಂದಿತ್ತಂತೆ. ಅಪ್ಪ ಮ್ಯಾನೇಜರರ ಎದುರು ನಿಂತು, "ದುಡಿಯೋರು ಯಾರೂ ನಿಂತ್ಕೊಂಡು ತಿನ್ನಬಾರ್ದು ಸಾರ್" ಎಂದು ಕೂಗಾಡಿ ಅವರಿಗೆ ಬೆಂಚು ಹಾಕಿಸಿದರು. ಈ ಕಥೆಯನ್ನು ನಮ್ಮ ಮನೆಗೆ ಬಂದ ಅಪ್ಪನ ಗೆಳೆಯರೆಲ್ಲ ಹೇಳುತ್ತಿದ್ದರು. ಅಮ್ಮ ಅದನ್ನು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅಪ್ಪನಿಗೆ ಚಪಾತಿ ಒಲೆಯಿಂದ ನೇರ ತಟ್ಟೆಗೆ ಬರಬೇಕು, ದೋಸೆಯೂ ಅಷ್ಟೇ. ಹಾಗಾಗಿ ಅಮ್ಮ ನಮ್ಮೆಲ್ಲರ ಊಟವಾದ ಮೇಲೆ, ತಳ ಕಂಡ ಸಾರಿನ ಪಾತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು, ಅಡುಗೆಮನೆ ನೆಲದ ಮೇಲೆ ಕೂತು ಉಣ್ಣುತ್ತಿದ್ದಳು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆ ಕಟ್ಟಿದವನು ನಮ್ಮ ಮನೆಗೆ ಒಮ್ಮೆ ಊಟಕ್ಕೆ ಬಂದಿರಬೇಕು.

ಆ ದನಿಗೆ ಏಟು ಬಿತ್ತು. ಗಂಟಲು ಕಟ್ಟಿದ್ದು ಬಿಡಲೇ ಇಲ್ಲ. ಕಷಾಯ ಆಯಿತು, ಹಬೆ ಆಯಿತು, ಕೊನೆಗೆ ದೊಡ್ಡಾಸ್ಪತ್ರೆ. ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್, ಪೂರ್ತಿ ತೆಗೆಯದೆ ಬೇರೆ ದಾರಿಯಿಲ್ಲ ಅಂದರು. ಆಪರೇಷನ್ ಆದ ಮೇಲೆ ಕುತ್ತಿಗೆಯ ರಂಧ್ರದಿಂದ ಉಸಿರು, ಬಾಯಿಂದ ಊಟ, ಮಾತು ಮಾತ್ರ ಇರುವುದಿಲ್ಲ ಅಂದರು. ಮಾತಿನ ತರಬೇತಿ ಕೊಡುವ ಮೇಡಂ ಒಬ್ಬರು ಕುತ್ತಿಗೆಗೆ ಒತ್ತಿ ಹಿಡಿಯುವ ಒಂದು ಯಂತ್ರ ತೋರಿಸಿದರು. ಗರಗರ ಅನ್ನುವ ಅದರ ಸದ್ದು ಕೇಳಿ ಅಪ್ಪ ಅದನ್ನು ಮೇಜಿನ ಮೇಲೆ ಕುಕ್ಕಿದರು. ಆಗ ಆ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, "ಆಪರೇಷನ್‌ಗೆ ಮುಂಚೆ ಅವರ ದನೀಲೇ ದಿನಾ ಬೇಕಾಗೋ ಮಾತುಗಳನ್ನ ರೆಕಾರ್ಡ್ ಮಾಡಿಟ್ಕೊಳ್ಳಿ. ಮನೆಯವರಿಗೂ ಸಮಾಧಾನ" ಅಂದರು.

ರೆಕಾರ್ಡ್ ಮಾಡಿ ಏನು ಮಾಡುವುದು? ಅಪ್ಪನಿಗೆ ಮೊಬೈಲಿನಲ್ಲಿ ಬೆರಳಾಡಿಸಿದರೆ ಒಂದು ಹೋಗಿ ಇನ್ನೊಂದಾಗುತ್ತದೆ. ಒತ್ತಿದ ತಕ್ಷಣ ಮಾತಾಡುವ ವಸ್ತು ಬೇಕು. ಅಂಥದ್ದನ್ನು ನಾನು ದಿನಾ ಕೈಯಲ್ಲಿ ಹಿಡಿದೇ ಕೂತಿರುತ್ತೇನಲ್ಲ! ನಮ್ಮ ಕಾರ್ಖಾನೆಯ ಯಜಮಾನರಿಗೆ ವಿಷಯ ಹೇಳಿದೆ. ಅವರು ಪರೀಕ್ಷೆಯಲ್ಲಿ ಬಿದ್ದುಹೋದ ಒಂದು ಬೋರ್ಡನ್ನು ಮುಂದಿಟ್ಟು, "ತಗೊಂಡ್ಹೋಗಮ್ಮ. ಮಹಡಿ ತೋರ್ಸೋ ಲೈಟು ಸತ್ತೋಗಿದೆ ಅಷ್ಟೇ. ನಿಮ್ಮಪ್ಪಂಗೆ ಮಹಡಿ ಯಾಕೆ" ಅಂದರು. ಒಂದು ಪ್ಲಾಸ್ಟಿಕ್ ಡಬ್ಬಿಗೆ ಬಟನ್ನುಗಳನ್ನು ಕೂರಿಸಿ, ಸ್ಪೀಕರ್ ಸೇರಿಸಿ, ಬ್ಯಾಟರಿ ಹಾಕಿಕೊಟ್ಟವರೂ ಅವರೇ.

ಹೀಗೆ ಅಪ್ಪನ ಮಾತನ್ನು ಹಿಡಿದಿಡುವ ಕೆಲಸ ಶುರುವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನ ವೃತ್ತಿಯೇ ಆ ಗಾದೆಯನ್ನು ಸುಳ್ಳು ಮಾಡುವುದು. ಆಫೀಸಿನಿಂದ ಮೈಕು ತಂದು, ಕಿಟಕಿಗೆ ಕಂಬಳಿ ಹೊದಿಸಿ, ಫ್ಯಾನು ಆರಿಸಿ ಅಪ್ಪನನ್ನು ಕೂರಿಸಿದೆ. ಆಸ್ಪತ್ರೆಯವರು ಕೆಲವು ಮಾತುಗಳನ್ನು ಬರೆದುಕೊಟ್ಟಿದ್ದರು. "ನನಗೆ ನೋವಾಗುತ್ತಿದೆ", "ನನಗೆ ಭಯವಾಗುತ್ತಿದೆ", "ನನ್ನ ಜೊತೆ ಇರು", "ಧನ್ಯವಾದ". ಅಪ್ಪ ಓದಿ ನಕ್ಕರು.

"ಯಾವನೇ ಇದನ್ನ ಬರ್ದಿದ್ದು? ನಮ್ಮನೇಲಿ ಯಾರಾದ್ರೂ ಹಿಂಗೆ ಮಾತಾಡ್ತಾರಾ? ನಾನು ಹೇಳ್ತೀನಿ, ನೀನು ಒತ್ಕೋ."

ಅವರು ಹೇಳಿದರು. "ಏ, ಇಲ್ಲಿ ಬಾ." "ನೀರು ತಗೊಂಡ್ಬಾ." "ಮಜ್ಜಿಗೆ." "ಟಿವಿ ಸೌಂಡ್ ಕಮ್ಮಿ ಮಾಡು." "ಇನ್ನೂ ಎಷ್ಟೊತ್ತು?" "ಉಪ್ಪಿಲ್ಲ ಇದಕ್ಕೆ." "ಯಾರದು ಬಂದಿರೋದು?" ಆಮೇಲೆ ದನಿ ಬದಲಾಯಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, "ನಮಸ್ಕಾರ, ಬನ್ನಿ ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡ್ಕೊಂಡೇ ಹೋಗ್ಬೇಕು." ಇದು ಬಂದವರಿಗೆ. ಇದನ್ನು ಎರಡು ಸಲ ಹೇಳಿ, ಚೆನ್ನಾಗಿರುವುದನ್ನು ಇಟ್ಟುಕೋ ಅಂದರು. ಮನೆಯವರಿಗೆ ಹೇಳಿದ್ದನ್ನು ಯಾವುದನ್ನೂ ಎರಡನೇ ಸಲ ಹೇಳಲಿಲ್ಲ.

ಅದು ಅವರೆಕಾಯಿಯ ಕಾಲ. ಮಾರನೇ ದಿನ ಅಮ್ಮ ಹಿತ್ತಲ ಬಾಗಿಲಲ್ಲಿ ನೆನೆಸಿದ ಕಾಳು ಹಿದುಕುತ್ತ ಕೂತಿದ್ದಳು. ನಾನೂ ಹೋಗಿ ಕೂತೆ. ಅವಳು ತಲೆಯೆತ್ತದೆ ಹೇಳಿದಳು.

"ಪುಟ್ಟಿ, ಒಂದು ಕೇಳ್ಲಾ? ನಗಬಾರ್ದು."

"ಕೇಳಮ್ಮ."

"ಏನೇನೋ ಹೇಳಿಸ್ತಿದೀಯಲ್ಲ. 'ನೀನೂ ಕೂತ್ಕೋ, ಊಟ ಮಾಡು' ಅಂತ ಒಂದು ಹೇಳ್ಸೇ. ಒಂದ್ಸಲ ಅಂದ್ರೆ ಸಾಕು."

ನಾನು ನಗಲಿಲ್ಲ. "ಅಪ್ಪ ಯಾವತ್ತೂ ಅಂದೇ ಇಲ್ವಾಮ್ಮ?" ಅಂದೆ.

"ಅಂದಿದ್ರೆ ನಿನ್ನ ಹತ್ರ ಯಾಕೆ ಕೇಳ್ತಿದ್ದೆ? ಮದುವೆಯಾದ ಹೊಸದ್ರಲ್ಲಿ ನಿಮ್ಮಜ್ಜಿ ಎದುರಿಗಿದ್ರು, ಅನ್ನೋಕಾಗಲ್ಲ ಬಿಡು ಅಂದ್ಕೊಂಡೆ. ಆಮೇಲೆ ನೀನು ಹುಟ್ಟಿದೆ. ಆಮೇಲೆ ಅಭ್ಯಾಸ ಆಗೋಯ್ತು. ಈಗ ದನೀನೇ ಹೋಗುತ್ತೆ ಅಂತಿದಾರೆ, ಅದಕ್ಕೆ ಕೇಳ್ದೆ." ಕಾಳೊಂದು ಬೆರಳಿನಿಂದ ಚಿಮ್ಮಿ ಮೆಟ್ಟಿಲ ಮೇಲೆ ಬಿತ್ತು. ಅದನ್ನು ಎತ್ತಿ ತೊಳೆದು ಬಟ್ಟಲಿಗೆ ಹಾಕಿಕೊಂಡಳು. "ಬೇಡ ಅಂದ್ರೆ ಬಲವಂತ ಮಾಡ್ಬೇಡ. ಉಷಾರಿಲ್ಲದೋರು."

ನನಗೆ ಮೈಯೆಲ್ಲ ಉರಿದುಹೋಯಿತು. ಅಮ್ಮನ ಮೇಲೂ ಸಿಟ್ಟು ಬಂತು. ಇಷ್ಟು ವರ್ಷ ಕೇಳದೆ, ಕೇಳುವಾಗಲೂ ಇಷ್ಟು ಚಿಕ್ಕದನ್ನು ಕೇಳುತ್ತಾಳಲ್ಲ ಎಂದು. ಸೀರೆ ಕೇಳಬಹುದಿತ್ತು, ತೀರ್ಥಯಾತ್ರೆ ಕೇಳಬಹುದಿತ್ತು. ಒಂದು ತಟ್ಟೆ ಅನ್ನದ ಮುಂದೆ ಒಂದು ಕರೆ ಕೇಳಿದಳು.

ಅವತ್ತೇ ಅಪ್ಪನ ಮುಂದೆ ಮೈಕು ಇಟ್ಟು ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

"ಅದನ್ನೇನು ಹೇಳೋದು? ಅವಳೇನು ಊಟ ಮಾಡಲ್ವಾ? ಅಡುಗೆ ಮಾಡೋಳನ್ನೇ ಊಟಕ್ಕೆ ಕರೀಬೇಕಾ?"

"ಅಮ್ಮನಿಗೋಸ್ಕರ ಅಪ್ಪ. ನಾಲ್ಕು ಪದ."

"ನೋಡು, ನನಗೆ ಅವಳ ಮೇಲೆ ಅಕ್ಕರೆ ಇಲ್ಲ ಅಂತ ಅಲ್ಲ. ಅದನ್ನೆಲ್ಲ ಹೇಳ್ಕೊಂಡು ತಿರುಗೋ ಜಾಯಮಾನ ನಮ್ಮದಲ್ಲ ಕಣೇ. ಈ ವಯಸ್ನಲ್ಲಿ ನಾಟಕ ಆಡಿಸ್ಬೇಡ." ಸ್ವಲ್ಪ ಕೆಮ್ಮಿ, ಮೈಕನ್ನು ಆಚೆ ಸರಿಸಿ, "ನಾಳೆ ನೋಡೋಣ" ಅಂದರು.

ನಾಳೆ ಎನ್ನುವವನ ಮನೆ ಹಾಳು. ಮಾರನೇ ದಿನ ಗಂಟಲು ನೋವು ಅಂದರು. ಅದರ ಮಾರನೇ ದಿನ ಗೆಳೆಯರು ನೋಡಲು ಬಂದರು, ಅವರ ಜೊತೆ ಸಂಜೆಯವರೆಗೂ ಅದೇ ನೋಯುವ ಗಂಟಲಿನಲ್ಲಿ ಹರಟಿದರು. ಅಮ್ಮನಿಗೆ, "ಹೇಳ್ತಾರಂತೆ ಕಣಮ್ಮ, ನಾಳೆ" ಅಂದಿದ್ದೆ. ಅವಳು ಮತ್ತೆ ಕೇಳಲಿಲ್ಲ, ಆದರೆ ನಾನು ಮೈಕು ತೆಗೆದಾಗಲೆಲ್ಲ ಒಲೆ ಸಣ್ಣ ಮಾಡುತ್ತಿದ್ದಳು. ಹಾಗೇ ಆಸ್ಪತ್ರೆಗೆ ಸೇರುವ ದಿನ ಬಂತು. ಆಟೋ ಬಂದು ನಿಂತಿತ್ತು. ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಾಗಿಲ ಹತ್ತಿರ ನಿಂತು ಅಪ್ಪನ ಮುಖ ನೋಡುತ್ತಿದ್ದಳು. ಅಪ್ಪ ಚಪ್ಪಲಿ ಮೆಟ್ಟಿಕೊಂಡು, ಹೊಸ್ತಿಲಾಚೆ ಹೋಗಿ, ತಿರುಗಿ ನೋಡಿ, "ಗ್ಯಾಸ್ ಆಫ್ ಮಾಡಿದ್ಯಾ?" ಅಂದರು. ಆ ಮನೆಯಲ್ಲಿ ಅವರ ಗಂಟಲಿನಿಂದ ಬಂದ ಕೊನೆಯ ಮಾತು ಅದು. ಅಮ್ಮ ಒಳಗೆ ಹೋಗಿ ಗ್ಯಾಸ್ ನೋಡಿ ಬಂದಳು.

ಆಪರೇಷನ್ ಚೆನ್ನಾಗಿ ಆಯಿತು. ಅವರು ಆಸ್ಪತ್ರೆಯಲ್ಲಿದ್ದಾಗ ನಾನು ಅವರ ಮಾತುಗಳನ್ನು ಬೋರ್ಡಿಗೆ ಹೊಂದಿಸಿದೆ. ಕೆಮ್ಮುಗಳನ್ನು ಕತ್ತರಿಸಿದೆ, ಉಸಿರೆಳೆದದ್ದನ್ನು ತಗ್ಗಿಸಿದೆ, ಎಲ್ಲವನ್ನೂ ಮೋನೋ ಮಾಡಿ, ವೇವ್ ಮಾಡಿ, ಅಂಕಿ ಕೊಟ್ಟೆ. ಲಿಫ್ಟಿನಲ್ಲಿ ಒಂದನೇ ಮಹಡಿ ಇರುವ ಜಾಗಕ್ಕೆ "ಏ, ಇಲ್ಲಿ ಬಾ" ಹೋಯಿತು. ಎರಡನೇ ಮಹಡಿಗೆ "ನೀರು ತಗೊಂಡ್ಬಾ". ಕಂಪ್ಯೂಟರಿನ ಪರದೆಯ ಮೇಲೆ ಸಾಲಾಗಿ ನಿಂತ ಅಪ್ಪನ ಅಷ್ಟೂ ಮಾತುಗಳನ್ನು ಒಂದರ ಹಿಂದೊಂದು ಕೇಳಿಸಿಕೊಂಡೆ. ಒಬ್ಬ ಮನುಷ್ಯ ಬದುಕಿಗೆ ಬೇಕಾದದ್ದನ್ನೆಲ್ಲ ತಾನೇ ಆರಿಸಿ ಹೇಳಿದ್ದು ಇಷ್ಟು. ಮನೆಯವರಿಗೆಂದು ಹೇಳಿದ್ದರಲ್ಲಿ ಒಂದೂ ಕೊಡುವ ಮಾತಿರಲಿಲ್ಲ, ಎಲ್ಲ ತರಿಸಿಕೊಳ್ಳುವುದೇ.

ನಮ್ಮ ಬೋರ್ಡಿಗೆ ಒಂದು ಚಾಳಿಯಿದೆ. ಏನು ಹೇಳುವ ಮುಂಚೆಯೂ ಟಿಂಗ್ ಟಾಂಗ್ ಅನ್ನುತ್ತದೆ. ಅದು ಬೋರ್ಡಿನ ಚಿಪ್‌ನೊಳಗೇ ಇರುವುದರಿಂದ ತೆಗೆಯಲಾಗುವುದಿಲ್ಲ. ಹಾಗಾಗಿ ಅಪ್ಪ ಮನೆಗೆ ಬಂದ ಮೇಲೆ ನಮ್ಮ ಮನೆ ದಿನವಿಡೀ ಟಿಂಗ್ ಟಾಂಗ್ ಅನ್ನತೊಡಗಿತು. ಟಿಂಗ್ ಟಾಂಗ್, ಏ ಇಲ್ಲಿ ಬಾ. ಟಿಂಗ್ ಟಾಂಗ್, ಮಜ್ಜಿಗೆ. ಅಮ್ಮ ಬರುವುದು ತಡವಾದರೆ ಅಪ್ಪ ಬಟನ್ನನ್ನು ಮತ್ತೆ ಮತ್ತೆ ಕುಟ್ಟುತ್ತಿದ್ದರು. ಆಗ ಬೋರ್ಡು ಮೊದಲಿಂದ ಶುರು ಮಾಡಿ, ಏ ಇ, ಏ ಇ, ಏ ಇ ಎಂದು ತೊದಲುತ್ತಿತ್ತು. ಮೊದಮೊದಲು ನನಗೂ ನಗು ಬಂತು. ಅಮ್ಮ ಮಾತ್ರ ಮಾತು ಬರುವ ಮುಂಚೆಯೇ, ಟಿಂಗ್ ಅನ್ನುವಾಗಲೇ, ಕೈಲಿದ್ದದ್ದನ್ನು ಬಿಟ್ಟು ಓಡುವುದನ್ನು ಕಲಿತಳು. ಹಿಂದೆ ಅಪ್ಪ ಕೂಗುವಾಗ ಗಂಟಲಿಗಾದರೂ ದಣಿವಾಗುತ್ತಿತ್ತು. ಬೆರಳಿಗೆ ದಣಿವಿಲ್ಲ. ನಾನು ಪ್ರೀತಿಯಿಂದ ಮಾಡಿಕೊಟ್ಟದ್ದು ಅಮ್ಮನ ಕೊರಳಿಗೆ ಗಂಟೆ ಕಟ್ಟಿದ ಹಾಗಾಯಿತು.

ನೋಡಲು ಬಂದವರಿಗಂತೂ ಅದೊಂದು ತಮಾಷೆ. ಅಪ್ಪ ಒತ್ತುತ್ತಿದ್ದರು, "ನಮಸ್ಕಾರ, ಬನ್ನಿ ಬನ್ನಿ, ಕೂತ್ಕೊಳ್ಳಿ." ಹಳೇ ಗೆಳೆಯರೊಬ್ಬರು ಕಣ್ಣೊರೆಸಿಕೊಂಡು, "ಸಕ್ಕತ್ತಾಗಿದೆ ಕಣ್ರೀ, ಅದೇ ದನಿ, ಅದೇ ವಿಶ್ವಾಸ!" ಅಂದರು. ನನ್ನ ಕಡೆ ತಿರುಗಿ, "ಇಂಥ ಮಗಳು ಯಾರಿಗುಂಟು" ಅಂದರು. ಅಮ್ಮ ಕಾಫಿ ತಂದಿಟ್ಟು ಬಾಗಿಲಿಗೆ ಹೋಗಿ ನಿಂತಳು. ದನಿ ಹೋದದ್ದು ಅಪ್ಪನದು, ಮಾತು ನಿಂತದ್ದು ಅಮ್ಮನದು. ಹಿಂದೆ ಅವಳು ಅಡುಗೆ ಮಾಡುತ್ತ ಏನಾದರೂ ಗುನುಗುತ್ತಿದ್ದಳು. ಈಗ ಟಿಂಗ್ ಕೇಳಿಸದೆ ಹೋದೀತೆಂದು ಅದನ್ನೂ ಬಿಟ್ಟಿದ್ದಳು.

ಡಬ್ಬಿಯ ಕೊನೆಯ ಬಟನ್ನು ಖಾಲಿ ಇತ್ತು. ಅದನ್ನು ನಾನೇ ಖಾಲಿ ಬಿಟ್ಟಿದ್ದೆ. ಒಂದು ದಿನ ಅಮ್ಮ ಡಬ್ಬಿಯನ್ನು ಒರೆಸುತ್ತಿದ್ದಾಗ ಬೆರಳು ತಗುಲಿ ಅದು ಟಿಂಗ್ ಟಾಂಗ್ ಅಂದು ಸುಮ್ಮನಾಯಿತು. ಅಮ್ಮ ಕಾದಳು. ಏನೂ ಬರಲಿಲ್ಲ. "ಇದ್ರಲ್ಲೇನೂ ಇಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಆ ಕಾಯುವಿಕೆಯನ್ನು ನೋಡಿದ ಮೇಲೆ ನನಗೆ ಕೈಕಟ್ಟಿ ಕೂರಲಾಗಲಿಲ್ಲ.

ಆಫೀಸಿನಲ್ಲಿ ಯಜಮಾನರು ಸುಲಭದ ದಾರಿ ಹೇಳಿದರು. "ಈಗ ಕಂಪ್ಯೂಟರೇ ಯಾರ ದನೀನ ಬೇಕಾದ್ರೂ ಮಾಡುತ್ತೆ ಕಣಮ್ಮ. ಸ್ವಲ್ಪ ರೆಕಾರ್ಡಿಂಗ್ ಕೊಟ್ರೆ ಆಯ್ತು, ನಿಮ್ಮಪ್ಪನ ಕೈಲಿ ಹರಿಕಥೇನೂ ಹೇಳಿಸ್ಬಹುದು." ನನಗೆ ಬೇಡವೆನಿಸಿತು. ಅಮ್ಮ ಕೇಳಿದ್ದು ಅಪ್ಪ ಹೇಳಿದ ಮಾತು. ಯಂತ್ರ ಕಟ್ಟಿದ ಮಾತನ್ನು ಅವಳ ತಟ್ಟೆಗೆ ಬಡಿಸಿದರೆ ಅದು ಮೋಸ. ಇಷ್ಟು ವರ್ಷಗಳಲ್ಲಿ ಅಪ್ಪ ಎಲ್ಲೋ ಒಮ್ಮೆ, ಯಾವುದೋ ವಿಡಿಯೋದಲ್ಲಾದರೂ, ಆ ಮಾತನ್ನು ಅಂದೇ ಇರುತ್ತಾರೆ. ಅದನ್ನು ಹುಡುಕಿ ತೆಗೆದರೆ ಅದು ಅವರದೇ ಮಾತಾಗುತ್ತದೆ ಎಂದು ನಾನು ನಂಬಿದೆ.

ಮೆಟ್ರೋದಲ್ಲಿ ಹೋಗುವಾಗ ಬರುವಾಗ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮನೆಯ ಹಳೇ ವಿಡಿಯೋಗಳನ್ನೆಲ್ಲ ಕೇಳಿದೆ. ಗೃಹಪ್ರವೇಶ, ನಾಮಕರಣ, ಅಪ್ಪನ ನಿವೃತ್ತಿಯ ಸಮಾರಂಭ. ಅಪ್ಪ ಎಲ್ಲರ ಜೊತೆ ಎಷ್ಟು ಚೆನ್ನಾಗಿ ಮಾತಾಡಿದ್ದಾರೆ! ಪಕ್ಕದ ಮನೆಯವರ ಮಗುವಿಗೆ, "ಬಾರೋ ರಾಜ". ಡ್ರೈವರಿಗೆ, "ಟೀ ಕುಡಿದ್ರಾ?" ಅಮ್ಮನಿಗೆ ಹೇಳಿದ್ದೂ ಸಿಕ್ಕಿತು. "ದೀಪಕ್ಕೆ ಎಣ್ಣೆ ಹಾಕು", "ಪಕ್ಕಕ್ಕೆ ಸರಿ, ಫೋಟೋಗೆ ಅಡ್ಡ ಬರ್ತೀಯ". ನನಗೆ ಕೇಳಿ ಕೇಳಿ ಬಾಯಿ ಕಹಿಯಾಯಿತು.

ಕೊನೆಗೆ ಅದು ಸಿಕ್ಕಿತು. ಒಂದು ಗೌರಿ ಹಬ್ಬದ ಊಟ, ನಾನೇ ಮೊಬೈಲಿನಲ್ಲಿ ತೆಗೆದ ವಿಡಿಯೋ. ಹೆಬ್ಬಗೋಡಿಯಿಂದ ಅತ್ತೆ, ಅಂದರೆ ಅಪ್ಪನ ತಂಗಿ, ಬಾಗಿನ ತೆಗೆದುಕೊಳ್ಳಲು ಬಂದಿದ್ದರು. ಎಲ್ಲರೂ ಎಲೆಯ ಮುಂದೆ ಕೂತಿದ್ದಾರೆ, ಅಮ್ಮ ಬಡಿಸುತ್ತಿದ್ದಾಳೆ. ಅತ್ತೆ ಪಾಪ, "ಅತ್ತಿಗೆ ಒಬ್ರೇ ಓಡಾಡ್ತಿದಾರೆ, ನಾನೂ ಬಡಿಸ್ತೀನಿ" ಎಂದು ಏಳುತ್ತಾರೆ. ಅಪ್ಪ ಅವರ ಕೈ ಹಿಡಿದು ಕೂರಿಸಿ ಹೇಳುತ್ತಾರೆ.

"ಅವಳು ನೋಡ್ಕೋತಾಳೆ. ನೀನೂ ಕೂತ್ಕೋ, ಊಟ ಮಾಡು."

ಎಂಥ ದನಿ ಅದು! ಕ್ಯಾನ್ಸರಿಗೆ ಮುಂಚಿನ, ತುಂಬಿದ, ಮೆತ್ತನೆಯ ದನಿ. ಅಮ್ಮ ಕೇಳಿದ್ದ ಮಾತು ಅಕ್ಷರ ಅಕ್ಷರವೂ ಅದರಲ್ಲಿತ್ತು. ಅದಕ್ಕೆ ಮೊದಲಿನ ಎರಡು ಪದ ಹೇಗೂ ಬೇಡ. ಅವನ್ನು ಕತ್ತರಿಸಿ ಬಿಸಾಡಿದೆ. ಉಳಿದದ್ದನ್ನು ವಿಡಿಯೋದಿಂದ ಬೇರ್ಪಡಿಸಿ, ಮೋನೋ ಮಾಡಿ, ಹದಿನಾರಕ್ಕೆ ಇಳಿಸಿದೆ. ಮೇಲಿನ ಚುರುಕು ದನಿಗಳು ಬಿದ್ದುಹೋದಾಗ ಅವುಗಳ ಜೊತೆ ಅಮ್ಮನ ಬಳೆಗಳ ಕಿಣಿಕಿಣಿಯೂ ಮುಕ್ಕಾಲು ಹೋಯಿತು. ಉಳಿದದ್ದು ಒಂದೇ ತೊಡಕು. "ಕೂತ್ಕೋ" ಎಂಬುದರ ಕೊನೆ ಮತ್ತು "ಊಟ ಮಾಡು" ಎಂಬುದರ ಶುರುವಿನ ಮೇಲೇ ಅಮ್ಮ ಸೌಟನ್ನು ಪಾತ್ರೆಯ ಅಂಚಿಗೆ ಎರಡು ಸಲ ತಟ್ಟಿದ್ದಳು. ಹುಳಿ ಬಡಿಸುವಾಗ ಹನಿ ಎಲೆಯ ಮೇಲೆ ಬೀಳದಿರಲಿ ಎಂದು ಅವಳು ಯಾವಾಗಲೂ ಮಾಡುವುದು. ಆ ಸದ್ದು ಅಪ್ಪನ ದನಿಯ ಜೊತೆ ಒಂದೇ ಎತ್ತರದಲ್ಲಿ ಬೆರೆತುಹೋಗಿತ್ತು. ತೆಗೆಯಲು ಹೋದರೆ ಅಪ್ಪನ ದನಿ ಬಾವಿಯೊಳಗಿನಿಂದ ಬಂದಂತಾಗುತ್ತಿತ್ತು. ಎಷ್ಟು ಒದ್ದಾಡಿದರೂ ಬಿಡಲಿಲ್ಲ. ಅಪಾರ್ಟ್‌ಮೆಂಟಿನವರ ಕುಕ್ಕರ್ ಕೂಗನ್ನು ಅಳಿಸಿದ ನನಗೆ ನಮ್ಮಮ್ಮನ ಸೌಟನ್ನು ಅಳಿಸಲಾಗಲಿಲ್ಲ. ಇರಲಿ, ಅಡುಗೆಮನೆಯ ಸದ್ದು, ಊಟದ ಹೊತ್ತಿಗೆ ಯಾರು ಗಮನಿಸುತ್ತಾರೆ ಅಂದುಕೊಂಡೆ.

ಆ ಭಾನುವಾರ ಖಾಲಿ ಬಟನ್ನಿಗೆ ಅದನ್ನು ತುಂಬಿಸಿ, ಅಮ್ಮ ಸ್ನಾನಕ್ಕೆ ಹೋಗಿದ್ದಾಗ ಅಪ್ಪನಿಗೆ ಹೇಳಿಕೊಟ್ಟೆ.

"ಅಪ್ಪ, ಇವತ್ತು ಊಟಕ್ಕೆ ಕೂತಾಗ ಅಮ್ಮ ಬಡಿಸೋಕೆ ಬರ್ತಾಳಲ್ಲ, ಆಗ ಈ ಕೊನೇದನ್ನ ಒತ್ತಿ. ಒಂದೇ ಸಲ. ಮತ್ತೆ ಮತ್ತೆ ಕುಟ್ಟಬೇಡಿ."

ಏನಿದೆ ಅದರಲ್ಲಿ ಎಂದು ಹುಬ್ಬೇರಿಸಿದರು. "ನೀವು ಹೇಳಿದ್ದೇ ಇದೆ" ಅಂದೆ. ಅವರ ಪಕ್ಕದಲ್ಲಿ ಸ್ಲೇಟು ಬಳಪ ಇಟ್ಟಿದ್ದೆವು. ಅವರು ಬಯಸಿದ್ದರೆ ಆಪರೇಷನ್ ಆದ ಮೇಲಿನ ಆ ಮೂರು ತಿಂಗಳ ಯಾವ ಮಧ್ಯಾಹ್ನದಲ್ಲಾದರೂ ಅದರ ಮೇಲೆ ಕೂತ್ಕೋ ಎಂದು ಬರೆದು ತೋರಿಸಬಹುದಿತ್ತು. ಅದರ ಮೇಲೆ ಕ್ರಿಕೆಟ್ಟಿನ ಸ್ಕೋರು ಬರೆದಿದ್ದರು.

ಊಟಕ್ಕೆ ಕೂತೆವು. ಅಮ್ಮ ಅಪ್ಪನಿಗೆ ಅನ್ನ ಬಡಿಸಿ, ನನಗೆ ಬಡಿಸಿ, ಹುಳಿಯ ಪಾತ್ರೆ ಹಿಡಿದು ಬಂದಳು. ನಾನು ಅಪ್ಪನಿಗೆ ಕಣ್ಣಲ್ಲಿ ಹೇಳಿದೆ. ಅವರು ಒತ್ತಿದರು. ಟಿಂಗ್ ಎನ್ನುತ್ತಲೇ ಅಮ್ಮ ಏನು ತರಬೇಕೆಂದು ಅಡುಗೆಮನೆ ಕಡೆ ತಿರುಗಿಬಿಟ್ಟಿದ್ದಳು.

"ನೀನೂ ಕೂತ್ಕೋ, ಊಟ ಮಾಡು."

ಅಮ್ಮ ನಿಂತಳು. ತಿರುಗಿ ಅಪ್ಪನ ಮುಖ ನೋಡಿದಳು. ಅಪ್ಪನಿಗೆ ತಮ್ಮ ಆ ದನಿ ತುಂಬಾ ಹಿಡಿಸಿದಂತಿತ್ತು, ಯಾರಿಗೆ ಯಾವಾಗ ಹೇಳಿದ್ದೆಂಬ ನೆನಪೇ ಇಲ್ಲದವರಂತೆ ನಗುತ್ತ ತಲೆಯಾಡಿಸಿದರು. ಅಮ್ಮ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. ಒಂದು ತಟ್ಟೆ ತಂದಳು. ಕುರ್ಚಿ ಎಳೆದುಕೊಂಡು, ಸೆರಗು ಸರಿಮಾಡಿಕೊಂಡು, ಅಪ್ಪನ ಎದುರು ಕೂತಳು. ಬಿಸಿ ಅನ್ನ ಹಾಕಿಕೊಂಡಳು. ಗೆದ್ದೆ ಅಂದುಕೊಂಡೆ.

ಎರಡು ತುತ್ತು ಉಂಡ ಮೇಲೆ ಅಮ್ಮ ತಟ್ಟೆಯನ್ನೇ ನೋಡುತ್ತ, ನನಗೆ ಮಾತ್ರ ಕೇಳುವಂತೆ ಹೇಳಿದಳು.

"ಗೌರಿ ಹಬ್ಬದ್ದು ಅಲ್ವೇನೇ ಇದು?"

ನಾನು ಹುಳಿಯ ಪಾತ್ರೆಯನ್ನು ಅವಳ ಕಡೆ ಸರಿಸಿದೆ.

"ಮಧ್ಯ ಸೌಟು ತಟ್ಟಿದ್ದು ನಾನೇ. ಅವತ್ತು ನಿಮ್ಮತ್ತೆ ಎಲೆ ಹತ್ರ ಬಗ್ಗಿದ್ದೆ." ಇನ್ನೊಂದು ತುತ್ತು ಕಲಸಿದಳು, ಬಾಯಿಗಿಡಲಿಲ್ಲ. "ಇದಕ್ಕಿಂತ ಮುಂಚೆ ಒಂದು ಮಾತಿತ್ತಲ್ಲ ಪುಟ್ಟಿ. ಅದೊಂದೇ ನನ್ನ ಬಗ್ಗೆ ಅಂದಿದ್ದು. ಅದನ್ನೇ ತೆಗೆದ್ಹಾಕಿದೀಯ."

ಅಪ್ಪನಿಗೆ ಇದ್ಯಾವುದೂ ಕೇಳಿಸಲಿಲ್ಲ. ಅವರ ಅನ್ನ ಹುಳಿ ಮುಗಿದಿತ್ತು. ಕೈ ಚಾಚಿ ಇನ್ನೊಂದು ಬಟನ್ ಒತ್ತಿದರು. ಟಿಂಗ್ ಟಾಂಗ್, ಮಜ್ಜಿಗೆ.

ನಾನು ಥಟ್ಟನೆ ಎದ್ದೆ. ಇವತ್ತೊಂದು ದಿನವಾದರೂ ಅವಳು ಏಳಬಾರದು ಎಂದು. ಅಮ್ಮ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ಕುರ್ಚಿಗೆ ಕೂರಿಸಿದಳು.

"ನೀನು ಕೂತ್ಕೋ, ಊಟ ಮಾಡು," ಅಂದಳು. "ಅವಳು ನೋಡ್ಕೋತಾಳೆ."

ಅರ್ಧ ಉಂಡ ತಟ್ಟೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಮಜ್ಜಿಗೆ ತಂದು ಅಪ್ಪನಿಗೆ ಬಡಿಸಿ, ಒಳಗೆ ಹೋಗಿ ನೆಲದ ಮೇಲೆ ಕೂತು ಊಟ ಮುಗಿಸಿದಳು.